ಮಂಡಿ ಆಪರೇಷನ್‌ಗೆ ಮುಂಚೆ ಡಾಕ್ಟರ ಎದುರು ಹತ್ತು ನಿಮಿಷ

ಸವೆದ ಮಂಡಿ ಹಿಡಿದು ಓಪಿಡಿಯಲ್ಲಿ ಎರಡು ಗಂಟೆ ಕಾದರೆ ಡಾಕ್ಟರ ಎದುರು ಕೂರಲು ಸಿಗುವುದು ಹತ್ತು ನಿಮಿಷ. ಎಕ್ಸ್‌ರೇ ನೋಡುವುದಕ್ಕೆ, ಮಂಡಿ ಮಡಚಿ ಬಿಡಿಸಿ ನೋಡುವುದಕ್ಕೆ ಅದರಲ್ಲಿ ಅರ್ಧ ಹೋಗುತ್ತದೆ. ಉಳಿದರ್ಧದಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆ ಒಂದೇ: ‘ಸರಿಹೋಗುತ್ತಾ ಡಾಕ್ಟ್ರೇ?’ ‘ಹೋಗುತ್ತಮ್ಮಾ, ಯೋಚನೆ ಮಾಡಬೇಡಿ.’ ಅಲ್ಲಿಗೆ ಮಾತು ಮುಗಿದು ಮುಂದಿನ ಟೋಕನ್ ಕೂಗುತ್ತಾರೆ.

ಆಪರೇಷನ್ ಆಗಿ ಮೂರನೇ ವಾರ ಫಿಸಿಯೋ ಮಂಚದ ಮೇಲೆ ಕಾಲು ಚಾಚಿದಾಗ ನಿಜವಾದ ಪ್ರಶ್ನೆಗಳು ಹೊರಬರುತ್ತವೆ. ‘ಇಷ್ಟು ನೋವಿರುತ್ತೆ ಅಂತ ಯಾರೂ ಹೇಳಲಿಲ್ಲವಲ್ಲ.’ ‘ಗಾಯದ ಹೊರಮಗ್ಗುಲು ಮುಟ್ಟಿದರೆ ಗೊತ್ತೇ ಆಗಲ್ಲ, ನರ ಹೋಯಿತಾ?’ ‘ನೆಲದ ಮೇಲೆ ಕೂರೋದು ಯಾವಾಗ?’ ಮಂಚದ ಈ ಕಡೆ ನಿಂತಿರುವ ಫಿಸಿಯೋಥೆರಪಿಸ್ಟ್‌ಗಳಾದ ನಮಗೆ ಈ ಪಟ್ಟಿ ಬಾಯಿಪಾಠ. ಇವಕ್ಕೆಲ್ಲ ಉತ್ತರ ಆಪರೇಷನ್‌ಗೆ ಮುಂಚೆಯೇ ಇತ್ತು, ಕೇಳಿದವರಿರಲಿಲ್ಲ ಅಷ್ಟೆ. ‘ಹೂಂ’ ಎಂದು ಮುಗಿಸಲಾಗದಂತೆ, ಉತ್ತರದಲ್ಲಿ ಒಂದು ಅಂಕಿಯೋ ಒಂದು ಹೆಸರೋ ಬರಲೇಬೇಕಾದಂತೆ ಕೇಳಬೇಕು.

ಹೋಗುವ ಮುಂಚಿನ ವಾರದಲ್ಲೇ ಅರ್ಧ ಕೆಲಸ ಮುಗಿಸಿಕೊಳ್ಳಬಹುದು. ಹಳೇ ಕ್ಯಾಲೆಂಡರಿನ ಹಿಂಬದಿಯಾದರೂ ಸರಿ, ಏಳು ದಿನ ಬರೆದಿಡಿ: ನಿಲ್ಲದೆ ಎಷ್ಟು ದೂರ ನಡೆದಿರಿ, ಮೆಟ್ಟಿಲು ಹತ್ತುವಾಗ ಹೆಚ್ಚು ನೋವೋ ಇಳಿಯುವಾಗಲೋ, ರಾತ್ರಿ ನೋವಿಗೆ ಎಷ್ಟು ಸಲ ಎಚ್ಚರವಾಯಿತು, ಎಷ್ಟು ಮಾತ್ರೆ ನುಂಗಿದಿರಿ. ನೋವಿನ ಜಾಗವನ್ನು ಒಂದೇ ಬೆರಳಲ್ಲಿ ತೋರಿಸಬಲ್ಲಿರಾ, ಇಡೀ ಅಂಗೈ ಹರಡಬೇಕಾಗುತ್ತದಾ, ಅದನ್ನೂ ಗಮನಿಸಿ. ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಕವರಿಗೆ ಹಾಕಿಕೊಂಡು ಹೋಗಿ. ‘ಬಿಳೀದು, ಗುಂಡಗಿರುತ್ತೆ’ ಎಂದರೆ ಯಾರಿಗೂ ತಿಳಿಯುವುದಿಲ್ಲ. ಊರಲ್ಲಿ ಕೊಟ್ಟ ಹೆಸರಿಲ್ಲದ ಪುಡಿ, ಗುಳಿಗೆ ಇದ್ದರೆ ಅದನ್ನೂ ಒಯ್ಯಿರಿ. ಅಂಥ ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ತಿಂಗಳುಗಟ್ಟಲೆ ತಿಂದು ಆಪರೇಷನ್ ಹೊತ್ತಿಗೆ ದಿಢೀರನೆ ಬಿಟ್ಟರೆ ರಕ್ತದೊತ್ತಡ ಕುಸಿಯಬಹುದು. ಬೈಸಿಕೊಳ್ಳುವ ಭಯಕ್ಕೆ ಇದನ್ನು ಮುಚ್ಚಿಡುವವರೇ ಹೆಚ್ಚು.

ಎಕ್ಸ್‌ರೇ ವಿಷಯದಲ್ಲೊಂದು ಎಚ್ಚರ. ಮಲಗಿಸಿ ತೆಗೆದ ಫಿಲ್ಮ್ ಹಿಡಿದು ಬರುವವರು ಇನ್ನೂ ಇದ್ದಾರೆ. ಮಲಗಿದಾಗ ಮಂಡಿಯ ಮೇಲೆ ಭಾರವಿಲ್ಲ, ಸವೆದ ಕೀಲಿನಲ್ಲೂ ಸಂದು ತೆರೆದೇ ಕಾಣುತ್ತದೆ. ನಿಂತುಕೊಂಡು, ಎರಡೂ ಮಂಡಿ ಒಂದೇ ಫಿಲ್ಮಿನಲ್ಲಿ ಬರುವಂತೆ ತೆಗೆಸಿದ್ದು ಬೇಕು. ನಮ್ಮ ಜನ ‘ಗ್ಯಾಪ್ ಹೋಗಿದೆ’ ಅನ್ನುವುದು ಆ ಸಂದನ್ನೇ. ಅಲ್ಲಿ ನಿಜಕ್ಕೂ ಖಾಲಿ ಜಾಗವಿಲ್ಲ, ಎಕ್ಸ್‌ರೇಯಲ್ಲಿ ಕಾಣದ ಮೃದ್ವಸ್ಥಿ ಇದೆ. ಅದು ಸವೆದಾಗ ಮೂಳೆಗೆ ಮೂಳೆ ತಾಗುತ್ತದೆ. ಹೀಗೆ ಸವೆದ ಮಂಡಿಗೆ ಎಂಆರ್‌ಐ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಐವತ್ತು ದಾಟಿದವರಲ್ಲಿ ನೋವಿಲ್ಲದ ಮಂಡಿಯಲ್ಲೂ ಮೆನಿಸ್ಕಸ್ (ಎರಡು ಮೂಳೆಗಳ ನಡುವಿನ ಮೆತ್ತೆ) ಹರಿದಿರುವುದು ಸಾಮಾನ್ಯ. ರಿಪೋರ್ಟಿನಲ್ಲಿ ‘ಟೇರ್’ ಎಂಬ ಪದ ಓದಿ ಗಾಬರಿಯಾಗಿ ಆಪರೇಷನ್‌ಗೆ ಓಡುವುದು ಹಾಗೆ ಶುರುವಾಗುತ್ತದೆ.

ಒಳಗೆ ಹೋದಾಗ ಮೊದಲು ಕೇಳಬೇಕಾದ್ದು ಇದು: ‘ಈ ನೋವು ಈ ಮಂಡಿಯದೇನಾ ಸರ್?’ ಕೇಳಲು ಪೆದ್ದುಪೆದ್ದಾಗಿದೆ ಅನ್ನಿಸಬಹುದು. ಸೊಂಟದ ಕೀಲು ಸವೆದವರಲ್ಲಿ ಕೆಲವರಿಗೆ ನೋವು ಕಾಣಿಸಿಕೊಳ್ಳುವುದು ಮಂಡಿಯಲ್ಲಿ. ಬೆನ್ನುಮೂಳೆಯಲ್ಲಿ ನರ ಒತ್ತಿದರೂ ತೊಡೆಯಿಂದ ಮಂಡಿ ದಾಟಿ ಕೆಳಗೆ ಹರಿಯುತ್ತದೆ. ಡಾಕ್ಟರು ಮಲಗಿಸಿ, ಕಾಲನ್ನು ಸೊಂಟದ ಹತ್ತಿರ ಒಳಕ್ಕೂ ಹೊರಕ್ಕೂ ತಿರುಗಿಸಿ ನೋಡಿದರೆ ಒಂದು ನಿಮಿಷದ ಕೆಲಸ. ನೋಡದಿದ್ದರೆ ‘ಸೊಂಟ, ಬೆನ್ನು ಒಮ್ಮೆ ನೋಡ್ತೀರಾ?’ ಅನ್ನಿ. ಇದರ ಬೆನ್ನಿಗೇ ಎರಡನೆಯದು: ‘ನನ್ನ ಎಕ್ಸ್‌ರೇ ಎಷ್ಟನೇ ಗ್ರೇಡ್?’ ಸವೆತವನ್ನು 0ಯಿಂದ 4ರವರೆಗೆ ಗುರುತಿಸುತ್ತಾರೆ, 4 ಅಂದರೆ ಸಂದು ಹೆಚ್ಚುಕಡಿಮೆ ಪೂರ್ತಿ ಮುಚ್ಚಿದೆ ಎಂದು. ನೋವು ವಿಪರೀತ, ಎಕ್ಸ್‌ರೇಯಲ್ಲಿ ಬರೀ 2 ಎಂದಾದರೆ ನಿಧಾನಿಸಬೇಕು. ಸವೆತ ಕಡಿಮೆ ಇದ್ದಾಗಲೇ ಮಂಡಿ ಬದಲಾಯಿಸಿಕೊಂಡವರಲ್ಲಿ ಅಸಮಾಧಾನ ಹೆಚ್ಚು.

ವರ್ಷಗಟ್ಟಲೆ ನೋವುಂಡವರಿಗೆ ಇದು ಇನ್ನಷ್ಟು ಮುಖ್ಯ. ಬಹಳ ಕಾಲ ನೋವುಂಡ ನರವ್ಯೂಹಕ್ಕೆ ನೋವು ಅಭ್ಯಾಸವಾಗಿಬಿಟ್ಟಿರುತ್ತದೆ, ಕಾರಣ ತೆಗೆದುಹಾಕಿದರೂ ಸದ್ದು ಪೂರ್ತಿ ಅಡಗದು. ಮಂಡಿ ಬದಲಾಯಿಸಿಕೊಂಡ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ತಿಂಗಳುಗಳು ಕಳೆದ ಮೇಲೂ ಒಂದು ಮಟ್ಟದ ನೋವು ಉಳಿಯುತ್ತದೆ. ಮೈಯಲ್ಲಿ ನಾಲ್ಕಾರು ಕಡೆ ನೋವಿರುವವರು, ನಿದ್ದೆ ಕೆಟ್ಟವರು, ಮನಸ್ಸು ಕುಗ್ಗಿದವರು ಆ ಒಬ್ಬರಾಗುವ ಸಾಧ್ಯತೆ ಹೆಚ್ಚು. ‘ಆ ಐದರಲ್ಲಿ ಒಬ್ಬರು ನಾನಾಗಬಹುದಾ? ನನ್ನಲ್ಲಿ ಅಂಥ ಲಕ್ಷಣ ಏನಾದರೂ ಕಾಣುತ್ತಾ?’ ಎಂದು ನೇರವಾಗಿ ಕೇಳಿ. ಒಳ್ಳೆಯ ಸರ್ಜನ್‌ಗೆ ಈ ಪ್ರಶ್ನೆಯಿಂದ ಕೋಪ ಬರುವುದಿಲ್ಲ. ಬಂದರೆ ಅದೂ ಒಂದು ಉತ್ತರವೇ.

ಆಮೇಲೆ ಯಾವ ಆಪರೇಷನ್ ಎಂಬುದು. ‘ಮಂಡಿ ಆಪರೇಷನ್’ ಎಂಬ ಒಂದೇ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಒಂದು, ದುರ್ಬೀನು ತೂರಿಸಿ ಒಳಗೆ ತೊಳೆದು ಕೆರೆಯುವ ಆರ್ತ್ರೋಸ್ಕೋಪಿ. ಸವೆದ ಮಂಡಿಗೆ ಇದರಿಂದ ಪ್ರಯೋಜನ ಕಾಣೆ. 2002ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ಜನರನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಚರ್ಮ ಕೊಯ್ದು ಹೊಲಿದದ್ದು ಬಿಟ್ಟರೆ ಒಳಗೆ ಏನೂ ಮಾಡಲಿಲ್ಲ. ಎರಡು ವರ್ಷ ಕಳೆದರೂ ಮೂರೂ ಗುಂಪಿನ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಸವೆತಕ್ಕೆ ‘ಒಂದು ಸಣ್ಣ ತೂತು ಹಾಕಿ ಕ್ಲೀನ್ ಮಾಡೋಣ’ ಎಂದು ಯಾರಾದರೂ ಹೇಳಿದರೆ, ಯಾಕೆ ಎಂದು ಎರಡು ಸಲ ಕೇಳುವ ಹಕ್ಕು ನಿಮಗಿದೆ. ಎರಡನೆಯದು, ಬಿಲ್ಲಿನಂತೆ ಬಾಗಿದ ಕಾಲಿನ ಮೂಳೆ ಕೊಯ್ದು ನೇರ ಮಾಡಿ ಪ್ಲೇಟ್ ಹಾಕುವುದು; ಒಳಮಗ್ಗುಲು ಮಾತ್ರ ಸವೆದ, ಇನ್ನೂ ದುಡಿಯುವ ವಯಸ್ಸಿನವರಿಗೆ. ಮೂರನೆಯದು ಸವೆದ ಅರ್ಧಕ್ಕೆ ಮಾತ್ರ ಲೋಹ ಹಾಕುವ ಪಾರ್ಶಿಯಲ್. ನಾಲ್ಕನೆಯದು ಪೂರ್ತಿ ಬದಲಾವಣೆ. 2019ರಲ್ಲಿ ಹಲವು ದೇಶಗಳ ದಾಖಲೆ ಒಟ್ಟುಗೂಡಿಸಿ ನೋಡಿದಾಗ, 25 ವರ್ಷದ ನಂತರವೂ ಪೂರ್ತಿ ಮಂಡಿಗಳಲ್ಲಿ ನೂರಕ್ಕೆ ಸುಮಾರು 82, ಅರ್ಧ ಮಂಡಿಗಳಲ್ಲಿ ನೂರಕ್ಕೆ ಸುಮಾರು 70 ಉಳಿದಿದ್ದವು. ಆದರೆ ವಯಸ್ಸು ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಎಪ್ಪತ್ತು ದಾಟಿ ಮಾಡಿಸಿಕೊಂಡವರಿಗೆ ಮತ್ತೊಮ್ಮೆ ಬಿಚ್ಚಿಸುವ ಪ್ರಸಂಗ ಜೀವಮಾನದಲ್ಲಿ ನೂರಕ್ಕೆ ಐದರ ಆಸುಪಾಸು, ಐವತ್ತರ ಆಸುಪಾಸಿನ ಗಂಡಸರಿಗೆ ಮೂವತ್ತೈದರವರೆಗೂ ಹೋಗುತ್ತದೆ. ‘ನನ್ನ ವಯಸ್ಸಿಗೆ ನಾಲ್ಕರಲ್ಲಿ ಯಾವುದು, ಉಳಿದ ಮೂರು ಯಾಕಲ್ಲ?’ ಎಂದು ಕೇಳಿದರೆ ಇದೆಲ್ಲ ಬಾಯಿಗೆ ಬರುತ್ತದೆ.

‘ಮಾಡಿಸದೇ ಇದ್ದರೆ?’ ಎಂಬುದನ್ನೂ ಬಿಡಬೇಡಿ. ಸವೆದ ಮಂಡಿ ಅಪೆಂಡಿಕ್ಸ್ ಅಲ್ಲ, ನಾಳೆಯೇ ಒಡೆಯುವುದಿಲ್ಲ. ಡೆನ್ಮಾರ್ಕಿನಲ್ಲಿ ಆಪರೇಷನ್‌ಗೆ ತಕ್ಕವರೆನಿಸಿದ 100 ಜನರಲ್ಲಿ ಅರ್ಧ ಜನಕ್ಕೆ ಆಪರೇಷನ್ ಜೊತೆ 12 ವಾರದ ವ್ಯಾಯಾಮ, ಪಥ್ಯ, ಮಾತ್ರೆ ಕೊಟ್ಟರು. ಉಳಿದರ್ಧಕ್ಕೆ ಆಪರೇಷನ್ ಬಿಟ್ಟು ಅಷ್ಟನ್ನೇ. ಆಪರೇಷನ್ ಆದವರ ಸುಧಾರಣೆ ಸುಮಾರು ಇಮ್ಮಡಿ, ತೊಡಕುಗಳೂ ಅವರಲ್ಲೇ ಹೆಚ್ಚು. ಆದರೆ ಬರೀ ವ್ಯಾಯಾಮದ ಗುಂಪಿನಲ್ಲಿ ಒಂದು ವರ್ಷದೊಳಗೆ ಆಪರೇಷನ್‌ಗೆ ಹೋದವರು ನಾಲ್ವರಲ್ಲಿ ಒಬ್ಬರು ಮಾತ್ರ. 2015ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಎರಡು ಕಡೆಯವರೂ ತಮಗೆ ಬೇಕಾದಂತೆ ಹೇಳಿಕೊಳ್ಳುತ್ತಾರೆ. ತೂಕದ ಲೆಕ್ಕ ಇದಕ್ಕಿಂತ ಸರಳ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ಕಾಲು ದಿನೇದಿನೇ ಸೊಟ್ಟಗಾಗುತ್ತಿದ್ದರೆ, ಪೂರ್ತಿ ನೇರವಾಗುವುದೇ ನಿಂತಿದ್ದರೆ ಮಾತ್ರ ಕಾಯುವುದರಲ್ಲಿ ನಷ್ಟವಿದೆ.

ಇನ್ನು ನಮ್ಮ ಕಡೆಯ ದೊಡ್ಡ ಪ್ರಶ್ನೆ: ನೆಲ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಈಳಿಗೆಮಣೆ, ಬಾಗಿಲ ಮುಂದಿನ ರಂಗೋಲಿ, ನಮಾಜು, ಹಿತ್ತಲಿನ ಕುಕ್ಕರಗಾಲಿನ ಪಾಯಿಖಾನೆ. ಇದನ್ನು ‘ನೆಲದ ಮೇಲೆ ಕೂರಬಹುದಾ?’ ಎಂದು ಕೇಳಿದರೆ ‘ಕೂರಬೇಡಿ’ ಎಂಬ ಒಂದೇ ಉತ್ತರ. ‘ಕೂರೋಕೆ ಆಗಲ್ವಾ, ಕೂರಬಾರದಾ?’ ಎಂದು ಕೇಳಿ. ಎರಡೂ ಬೇರೆ. ಮೆಟ್ಟಿಲು ಹತ್ತಿಳಿಯಲು ಮಂಡಿ ಸುಮಾರು 90ರಿಂದ 100 ಡಿಗ್ರಿ ಮಡಚಿದರೆ ಸಾಕು, ತಗ್ಗು ಕುರ್ಚಿಯಿಂದ ಏಳಲು ಇನ್ನೂ ಸ್ವಲ್ಪ ಬೇಕು. ಕುಕ್ಕರಗಾಲಿಗೆ 130 ದಾಟಬೇಕು. ಪೂರ್ತಿ ಬದಲಾಯಿಸಿದ ಮಂಡಿ ಹೆಚ್ಚಿನವರಲ್ಲಿ 110-120ರಲ್ಲಿ ನಿಲ್ಲುತ್ತದೆ. ಹಾಗಾಗಿ ಕುಕ್ಕರಗಾಲು ‘ಆಗುವುದಿಲ್ಲ’ದ ಪಟ್ಟಿಗೆ ಸೇರುತ್ತದೆ. ಮಂಡಿಯೂರುವುದು ಹಾಗಲ್ಲ. ಗಾಯ ಮಾಗಿದ ಮೇಲೆ ದಪ್ಪ ಮೆತ್ತೆ ಹಾಕಿ ಊರಿದರೆ ಇಂಪ್ಲಾಂಟ್, ಅಂದರೆ ಒಳಗೆ ಕೂರಿಸಿದ ಕೃತಕ ಕೀಲು, ಕೆಡುವುದಿಲ್ಲ, ಆದರೆ ಹಲವರಿಗೆ ಹಿತವೆನಿಸುವುದಿಲ್ಲ. ಪಾರ್ಶಿಯಲ್ ಆದವರು ಇದಕ್ಕಿಂತ ಚೆನ್ನಾಗಿ ಮಡಚುತ್ತಾರೆ.

ಮಡಚುವಿಕೆ ಅಳೆಯುವುದಕ್ಕೆ ಗೋನಿಯೋಮೀಟರ್ ಎಂಬ ಒಂದು ಪ್ಲಾಸ್ಟಿಕ್ ಸಾಧನವಿದೆ, ಸ್ಕೂಲ್ ಕಂಪಾಸಿನ ಕೋನಮಾಪಕಕ್ಕೆ ಎರಡು ಕೈ ಮೂಡಿದ ಹಾಗೆ. ನಡು ಮಂಡಿಯ ಹೊರಮಗ್ಗುಲಿಗೆ, ಒಂದು ಕೈ ತೊಡೆಯುದ್ದಕ್ಕೆ, ಇನ್ನೊಂದು ಪಾದದ ಕೀಲಿನ ಹೊರಗಂಟಿನ ಕಡೆಗೆ; ಹಿಮ್ಮಡಿ ಮಂಚದ ಮೇಲೆ ಜಾರಿಸುತ್ತ ಮಡಚಿದಷ್ಟೂ ಮುಳ್ಳು ಸರಿಯುತ್ತದೆ. ಆಪರೇಷನ್‌ಗೆ ಮುಂಚೆ ಇದನ್ನು ಒಮ್ಮೆ ಅಳೆಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಯಾವ ಕಂಪನಿಯ ಇಂಪ್ಲಾಂಟ್ ಎಂಬುದಕ್ಕಿಂತ, ಮುಂಚೆ ಎಷ್ಟು ಮಡಚುತ್ತಿತ್ತು ಎಂಬುದೇ ಆಮೇಲೆ ಎಷ್ಟು ಮಡಚುತ್ತದೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ. 85ಕ್ಕೆ ನಿಂತ ಮಂಡಿ ತಂದು 130 ಕೇಳಿದರೆ ಯಾವ ಲೋಹವೂ ಕೊಡಲಾರದು. ‘ಹೈ ಫ್ಲೆಕ್ಸ್’ ಎಂದು ಮಾರುವ ಮಾದರಿಗಳೂ ಸಾಮಾನ್ಯದವಕ್ಕಿಂತ ಹೇಳಿಕೊಳ್ಳುವಷ್ಟು ಹೆಚ್ಚು ಮಡಚಿದ್ದು ಪರೀಕ್ಷೆಗಳಲ್ಲಿ ಕಾಣಲಿಲ್ಲ.

ಇಂಪ್ಲಾಂಟಿನ ದರಕ್ಕೆ ಒಂದು ಮಿತಿ ಇದೆ ಎಂಬುದು ಗೊತ್ತಿದ್ದರೆ ಬಿಲ್ ಕೌಂಟರಿನಲ್ಲಿ ಮಾತಾಡುವ ಧಾಟಿಯೇ ಬದಲಾಗುತ್ತದೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720, ಹೈ ಫ್ಲೆಕ್ಸ್‌ಗೆ 56,490, ಟೈಟಾನಿಯಂ ಅಥವಾ ಜಿರ್ಕೋನಿಯಂಗೆ 76,600 ರೂಪಾಯಿ ಎಂದು ಮಿತಿ ಹಾಕಿತು, ಜಿಎಸ್‌ಟಿ ಬೇರೆ. ಅದಕ್ಕೆ ಮುಂಚೆ ಮೊದಲನೆಯದಕ್ಕೇ ಒಂದೂವರೆ ಲಕ್ಷದ ಮೇಲಿತ್ತು. ದರ ಆಮೇಲೆ ಪರಿಷ್ಕರಣೆಯಾಗಿದೆ, ಇವತ್ತಿನ ಅಂಕಿ ಕೇಳಿ. ಇಂಪ್ಲಾಂಟನ್ನು ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ, ಕಂಪನಿ, ಮಾದರಿ, ಬ್ಯಾಚ್ ನಂಬರ್ ಸಮೇತ ತೋರಿಸಬೇಕು. ಪೆಟ್ಟಿಗೆಯೊಳಗೆ ಪ್ರತಿ ಭಾಗಕ್ಕೂ ಸ್ಟಿಕರ್ ಇರುತ್ತದೆ. ತೊಡೆಮೂಳೆಯ ಭಾಗ, ಮಂಡಿಯ ಕೆಳಗಿನ ಮೂಳೆಯ ಭಾಗ, ನಡುವಿನ ಪ್ಲಾಸ್ಟಿಕ್ ತುಂಡು, ಹಾಕಿದ್ದರೆ ಮಂಡಿಚಿಪ್ಪಿನದು. ಅವನ್ನು ಡಿಸ್ಚಾರ್ಜ್ ಸಮ್ಮರಿಗೆ ಅಂಟಿಸಿಕೊಡುತ್ತೀರಾ ಎಂದು ಈಗಲೇ ಕೇಳಿಡಿ. ಹದಿನೈದು ವರ್ಷದ ಮೇಲೆ ಪ್ಲಾಸ್ಟಿಕ್ ಸವೆದು ಬೇರೆ ಊರಿನ ಸರ್ಜನ್ ಮುಂದೆ ಕೂತಾಗ, ಆ ಸ್ಟಿಕರ್ ಇಲ್ಲದಿದ್ದರೆ ಪ್ಲಾಸ್ಟಿಕ್ ಒಂದನ್ನೇ ಬದಲಿಸಬೇಕಾದ ಕಡೆ ಇಡೀ ಮಂಡಿ ಬಿಚ್ಚಬೇಕಾಗಬಹುದು.

‘ಗೋಲ್ಡ್ ಮಂಡಿ’ಯಲ್ಲಿ ಚಿನ್ನವಿಲ್ಲ, ಹಳದಿ ಬಣ್ಣದ ಟೈಟಾನಿಯಂ ಲೇಪ. ನಿಕಲ್ ಅಲರ್ಜಿ ಇದ್ದವರಿಗೆ ಅದರಲ್ಲಿ ಅರ್ಥವಿದೆ, ಆದ್ದರಿಂದ ಅಗ್ಗದ ಓಲೆ, ಗಡಿಯಾರದ ಪಟ್ಟಿ ತಾಗಿ ಚರ್ಮ ಕೆಂಪಾಗುತ್ತಿದ್ದರೆ ಹೇಳಿ. ರೋಬೋಟ್ ಬಳಸಿದರೆ ಮೂಳೆ ಕೊಯ್ಯುವ ಕೋನ ನಿಖರವಾಗುತ್ತದೆ, ನಿಜ. ಮಂಡಿ ಹೆಚ್ಚು ವರ್ಷ ಬಾಳುತ್ತದೆ ಎಂಬುದಕ್ಕೆ ಇನ್ನೂ ಗಟ್ಟಿ ಪುರಾವೆ ಸಿಕ್ಕಿಲ್ಲ. ಹೆಚ್ಚುವರಿ ಹಣ ಎಷ್ಟೆಂದು ಕೇಳಿ, ಅಷ್ಟೇ ಉಸಿರಿನಲ್ಲಿ ‘ರೋಬೋಟ್ ಇಲ್ಲದಿದ್ದರೂ ನೀವೇ ಮಾಡ್ತೀರಾ, ವರ್ಷಕ್ಕೆ ಎಷ್ಟು ಮಾಡ್ತೀರಾ?’ ಎಂದೂ ಕೇಳಿ. ಸಂಕೋಚವಾದರೆ ಮಗಳನ್ನೋ ಅಳಿಯನನ್ನೋ ಕೇಳಲು ಬಿಡಿ. ಕೈ ಪಳಗಿದ್ದಷ್ಟೂ ತೊಡಕು ಕಡಿಮೆ.

ಸರ್ಕಾರಿ ಯೋಜನೆಯಲ್ಲಿ ಮಾಡಿಸುವವರು ಡಾಕ್ಟರಿಗಿಂತ ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಾಣಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಮಂಡಿ ಬದಲಾವಣೆ ಈ ಆಸ್ಪತ್ರೆಯಲ್ಲಿ ಸಿಗುತ್ತದಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ, ಬಿಪಿಎಲ್ ಅಲ್ಲದವರು ಕೈಯಿಂದ ಎಷ್ಟು ಹಾಕಬೇಕು, ಇವಕ್ಕೆ ಉತ್ತರ ಅವರ ಬಳಿ. ಖಾಸಗಿ ವಿಮೆಯವರು ಕಾಯುವ ಅವಧಿ ನೋಡಿಕೊಳ್ಳಲಿ. ಅಪಘಾತವಲ್ಲದ ಮಂಡಿ ಬದಲಾವಣೆಗೆ ಹೆಚ್ಚಿನ ಪಾಲಿಸಿಗಳು ಮೊದಲ ಕೆಲವು ವರ್ಷ ಹಣ ಕೊಡುವುದಿಲ್ಲ.

‘ಎರಡೂ ಮಂಡಿ ಒಟ್ಟಿಗೆ ಮುಗಿಸಿಬಿಡಿ’ ಎಂದು ಮನೆಯವರೇ ಒತ್ತಾಯಿಸುವುದುಂಟು. ಒಂದೇ ಖರ್ಚು, ಒಂದೇ ರಜೆ. ಆದರೆ ಹೃದಯಕ್ಕೆ, ಶ್ವಾಸಕೋಶಕ್ಕೆ ಹೊರೆ ಹೆಚ್ಚು, ರಕ್ತ ಹೆಪ್ಪುಗಟ್ಟಿ ಶ್ವಾಸಕೋಶ ಸೇರುವ ಅಪಾಯವೂ ಹೆಚ್ಚು. ಪ್ರಧಾನಿಯಾಗಿದ್ದಾಗ ವಾಜಪೇಯಿಯವರಿಗೆ ಮುಂಬೈನಲ್ಲಿ ಡಾ. ಚಿತ್ತರಂಜನ್ ರಾಣಾವತ್ ಮಾಡಿದ್ದು 2000ರ ಅಕ್ಟೋಬರಿನಲ್ಲಿ ಎಡಗಾಲು, 2001ರ ಜೂನ್‌ನಲ್ಲಿ ಬಲಗಾಲು. ಎಂಟು ತಿಂಗಳ ಅಂತರ. ನಿಮ್ಮ ಹೃದಯದ ಎಕೋ ರಿಪೋರ್ಟ್ ಇಟ್ಟುಕೊಂಡು ಫಿಸಿಶಿಯನ್ ‘ಒಟ್ಟಿಗೆ ಆಗಬಹುದು’ ಎಂದು ಬರೆದುಕೊಡಲಿ, ಬಾಯಿಮಾತು ಬೇಡ.

ಎಲ್ಲಕ್ಕಿಂತ ಹೆಚ್ಚು ಅನಾಹುತ ಮಾಡುವುದು ಸೋಂಕು. ನೂರಕ್ಕೆ ಒಂದೆರಡು ಅಷ್ಟೇ, ಆದರೆ ಬಂದವರ ಪಾಡು ಹೇಳತೀರದು; ಹಾಕಿದ್ದನ್ನು ಬಿಚ್ಚಿ, ಆಂಟಿಬಯಾಟಿಕ್ ಬೆರೆಸಿದ ಸಿಮೆಂಟ್ ತುಂಬಿ, ವಾರಗಟ್ಟಲೆ ಕಾದು ಮತ್ತೆ ಹಾಕಬೇಕು. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿ ಮೂರು ತಿಂಗಳಾಗಿಲ್ಲವೆಂದರೆ ಆ ಅಪಾಯ ಏರುತ್ತದೆ. ‘ಅಲ್ಲಿವರೆಗೆ ತಡೆಯಲಿ ಅಂತ ಒಂದು ಇಂಜೆಕ್ಷನ್’ ಎಂಬ ಮಾತು ಬಂದಾಗ ‘ಹಾಗಾದರೆ ಆಪರೇಷನ್ ಯಾವ ತಿಂಗಳಿಗೆ?’ ಎಂದು ಲೆಕ್ಕ ಹಾಕಿಸಿ. ಸಕ್ಕರೆಯ ಮೂರು ತಿಂಗಳ ಸರಾಸರಿ, ಎಚ್‌ಬಿಎ1ಸಿ, ಎಂಟರ ಮೇಲಿದ್ದರೆ ಹೆಚ್ಚಿನ ಸರ್ಜನ್‌ಗಳು ಮುಂದೂಡುತ್ತಾರೆ. ಹುಳುಕು ಹಲ್ಲು, ಉರಿಮೂತ್ರ, ಒಡೆದ ಹಿಮ್ಮಡಿ, ಬೆರಳ ಸಂದಿನ ಕೆಸರುಹುಣ್ಣು ಇವೆಲ್ಲ ಮುಂಚೆ ವಾಸಿಯಾಗಬೇಕು. ಗದ್ದೆಗಿಳಿಯುವವರ ಕಾಲನ್ನು ಪಾದದವರೆಗೂ ನೋಡದೆ ತಾರೀಕು ಕೊಟ್ಟರೆ ನೀವೇ ಚಪ್ಪಲಿ ಬಿಚ್ಚಿ ತೋರಿಸಿ.

ಅರಿವಳಿಕೆ ಡಾಕ್ಟರನ್ನು ಆಪರೇಷನ್ ಕೋಣೆಯಲ್ಲೇ ಮೊದಲ ಸಲ ನೋಡುವಂತಾಗಬಾರದು. ಬೆನ್ನಿಗೆ ಕೊಡುವ ಇಂಜೆಕ್ಷನ್ನೋ, ಪೂರ್ತಿ ಎಚ್ಚರ ತಪ್ಪಿಸುವುದೋ. ತೊಡೆಯ ಹತ್ತಿರ ನರವನ್ನು ಜೋಮುಗಟ್ಟಿಸುವ ಬ್ಲಾಕ್ ಕೊಡುತ್ತಾರಾ. ಮಾರನೆಯ ದಿನ ಬ್ಲಾಕ್ ಇಳಿದಾಗ ನೋವಿಗೇನು. ಮಾತ್ರೆಗಳ ಲೆಕ್ಕವೂ ಅವರ ಹತ್ತಿರವೇ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ನುಂಗುವವರು ಅದನ್ನು ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಲೂಬಾರದು, ಮುಂದುವರಿಸಲೂಬಾರದು. ಸಕ್ಕರೆಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ಇದ್ದರೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕು. ಉಪವಾಸದ ಮೈಯಲ್ಲಿ ಅದು ಸಕ್ಕರೆ ಏರಿಸದೆಯೇ ರಕ್ತವನ್ನು ಆಮ್ಲವಾಗಿಸಬಲ್ಲದು. ಇದು ಗೊತ್ತಾಗದೆ ಆಪರೇಷನ್ ದಿನ ಬೆಳಿಗ್ಗೆ ವಾಪಸ್ ಕಳಿಸಿದ ಪ್ರಸಂಗಗಳಿವೆ.

ಮನೆಗೆ ಬಂದ ಮೇಲೆ ರಾತ್ರಿ ಹತ್ತಕ್ಕೆ ಯಾರಿಗೆ ಫೋನ್ ಮಾಡಬೇಕು? ಆ ನಂಬರನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಮೀನಖಂಡ ಊದಿ ಬಿಗಿದರೆ ತಡಮಾಡದೆ ಆ ನಂಬರಿಗೆ ಮಾಡಿ. ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡರೆ ಫೋನಿಗೂ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ವಾರ ಕಳೆದ ಮೇಲೂ ಗಾಯ ಒಸರುತ್ತಿದ್ದರೆ ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಆಂಟಿಬಯಾಟಿಕ್ ಬರೆಸಿಕೊಳ್ಳಬೇಡಿ. ಅದು ಸೋಂಕನ್ನು ವಾಸಿ ಮಾಡದೆ ಪರೀಕ್ಷೆಗೆ ಸಿಗದಂತೆ ಮರೆಮಾಡುತ್ತದೆ. ಗಾಯದ ಹೊರಮಗ್ಗುಲಿನ ಜೋಮು ಮಾತ್ರ ಭಯಪಡುವಂಥದ್ದಲ್ಲ. ಚರ್ಮ ಕೊಯ್ಯುವಾಗ ಒಂದು ಸಣ್ಣ ನರದ ಕವಲು ತುಂಡಾಗುತ್ತದೆ, ಜೋಮು ಹಿಡಿದ ಜಾಗ ಬರಬರುತ್ತಾ ಚಿಕ್ಕದಾಗುತ್ತದೆ. ಮಂಡಿ ತಿಂಗಳುಗಟ್ಟಲೆ ಬೆಚ್ಚಗಿರುವುದೂ, ನಡೆಯುವಾಗ ಟಕ್ ಅನ್ನುವುದೂ ಸಹಜ.

ಮನೆಯ ತಯಾರಿ ಬಗ್ಗೆ ಡಾಕ್ಟರಿಗೆ ಪುರುಸೊತ್ತಿರುವುದಿಲ್ಲ, ಅದಕ್ಕೆ ನಮ್ಮ ಫಿಸಿಯೋ ಕೋಣೆಗೆ ಆಪರೇಷನ್‌ಗೆ ಮುಂಚೆ ಒಮ್ಮೆ ಬನ್ನಿ. ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ, ಕೈಯಿರುವ ಎತ್ತರದ ಕುರ್ಚಿ, ವಾಕರ್ ಹೊಸ್ತಿಲು ದಾಟುತ್ತದಾ ಎಂಬ ಅಳತೆ. ಹೊಲಿಗೆ ಅಥವಾ ಪಿನ್ನು ತೆಗೆಯುವುದು ಎರಡು ವಾರದ ಸುಮಾರಿಗೆ. ಅಷ್ಟರಲ್ಲಿ 90 ಡಿಗ್ರಿ ಮಡಚಬೇಕು ಎಂಬುದು ನಾವು ಇಟ್ಟುಕೊಳ್ಳುವ ಗುರಿ. ಆರು ವಾರವಾದರೂ ಮಡಚದೆ ಬಿಗಿದರೆ ಅರಿವಳಿಕೆ ಕೊಟ್ಟು ಸರ್ಜನ್ನೇ ಮಡಚಬೇಕಾಗಬಹುದು, ತಡವಾದಷ್ಟೂ ಅದೂ ಕಷ್ಟ.

ಬರುವಾಗ ರಾತ್ರಿ ಜೊತೆಗಿರುವವರನ್ನು ಕರೆತನ್ನಿ, ಯಾಕೆಂದರೆ ದಿಂಬು ಇಡುವವರು ಅವರು. ನೋವೆಂದು ನರಳುವವರ ಮಂಡಿಯ ಕೆಳಗೆ ಮೆತ್ತಗೆ ಒಂದು ದಿಂಬು ಸರಿಸುತ್ತಾರೆ. ಕಾಲು ಸ್ವಲ್ಪ ಬಾಗಿ ಹಾಯೆನಿಸುತ್ತದೆ, ನಿದ್ದೆ ಬರುತ್ತದೆ. ಹತ್ತು ರಾತ್ರಿ ಹೀಗೆ ಕಳೆದರೆ ಮಂಡಿ ಬಾಗಿದಲ್ಲೇ ಹೆಪ್ಪುಗಟ್ಟಿ, ನಿಂತಾಗ ಆ ಕಾಲು ಗಿಡ್ಡವಾದಂತೆ ಕುಂಟುತ್ತದೆ. ಮಡಚುವುದನ್ನು ತಿಂಗಳುಗಳ ಮೇಲೂ ತುಸು ಗಳಿಸಬಹುದು, ನೇರವಾಗದ ಮಂಡಿಯನ್ನು ಆಮೇಲೆ ನೇರ ಮಾಡುವುದು ಬಲು ಕಷ್ಟ. ದಿಂಬು ಬೇಕೇಬೇಕೆಂದರೆ ಹಿಮ್ಮಡಿಯ ಕೆಳಗೆ ಇಡಿ, ಮಂಡಿ ಗಾಳಿಯಲ್ಲಿ ಇಳಿಬೀಳಲಿ. ಬಿಗಿಯೆನಿಸುತ್ತದೆ, ಹದಿನೈದು ನಿಮಿಷ ತಡೆದು ತೆಗೆಯಿರಿ, ದಿನಕ್ಕೆ ಮೂರ್ನಾಲ್ಕು ಸಲ.